ಎರಡು ಮೋಟಾರು ಯಾಕೆ ಅಂದಿರಲ್ಲ, ಮೇಷ್ಟ್ರೇ

ಬನ್ನಿ ಮೇಷ್ಟ್ರೇ, ಗೋಡೆಯ ಈ ಕಡೆ ಒಂದಿಷ್ಟು ನೆರಳಿದೆ, ಇಲ್ಲೇ ನಿಲ್ಲಿ. ನಿನ್ನೆ ಸಂಜೆ ನೀವು ಕೇಳಿದ್ದಕ್ಕೆ ಉತ್ತರ ಹೇಳುವಷ್ಟರಲ್ಲಿ ಅಮ್ಮಾವ್ರು ಕಾಫಿಗೆ ಕರೆದರು, ಮಾತು ಅರ್ಧಕ್ಕೇ ನಿಂತಿತು. ಇಷ್ಟು ಹಗುರದ ಫೋಮಿನ ರಿಮೋಟ್ ವಿಮಾನಕ್ಕೆ ಒಂದು ಮೋಟಾರು ಸಾಲದೇ, ಎರಡು ಯಾಕೆ ಅಂತ ಕೇಳಿದಿರಿ. ಕೇಳಬೇಕಾದ ಪ್ರಶ್ನೆಯೇ ಅದು.

ಬರೀ ಹಾರಿಸುವುದೇ ಗುರಿಯಾಗಿದ್ದರೆ ಒಂದು ಮೋಟಾರು ಧಾರಾಳವಾಗಿ ಸಾಕು. ಹೊಸದಾಗಿ ಕಲಿಯುವವರಿಗಂತೂ ಅದೇ ಸರಿ. ಆದರೆ ನನ್ನ ಮೇಜಿನ ಮೇಲೆ ತುಂಡು ತುಂಡಾಗಿ ಮಲಗಿರುವುದು ಮಾಸ್ಕಿಟೊ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಡಿ ಹ್ಯಾವಿಲ್ಯಾಂಡ್ ಕಂಪನಿ ಕಟ್ಟಿದ ವಿಮಾನ. ಎಡರೆಕ್ಕೆಗೊಂದು, ಬಲರೆಕ್ಕೆಗೊಂದು ರೋಲ್ಸ್ ರಾಯ್ಸ್ ಮರ್ಲಿನ್ ಎಂಜಿನು. ಒಂದನ್ನು ಬಿಟ್ಟರೆ ಅದು ಮಾಸ್ಕಿಟೊ ಆಗಿ ಉಳಿಯುವುದೇ ಇಲ್ಲ. ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಜೋಡಿ ಮೋಟಾರಿನ ವಿಮಾನ ಅರೆಬರೆ ಕೆಲಸವನ್ನು ಸಹಿಸುವುದಿಲ್ಲ. ಒಂದು ಮೋಟಾರಿದ್ದಾಗ ಹೇಗೋ ನಡೆದುಹೋಗುವ ಸಣ್ಣ ವ್ಯತ್ಯಾಸಗಳೆಲ್ಲ ಇಲ್ಲಿ ಗಾಳಿಯಲ್ಲಿ ಎದ್ದು ಕಾಣುತ್ತವೆ. ಅಚ್ಚುಕಟ್ಟು ಕಲಿಯಬೇಕೆಂದಿದ್ದರೆ ಇದಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ.

ಮೊದಲು ಆ ವಿಮಾನದ ವಿಷಯ ಹೇಳುತ್ತೇನೆ, ಆಮೇಲೆ ನನ್ನ ಫೋಮಿಗೆ ಬರುತ್ತೇನೆ. ಎಲ್ಲರೂ ಅಲ್ಯೂಮಿನಿಯಂ ತಗಡಿನ ಕಡೆ ತಿರುಗಿದ್ದ ಕಾಲ ಅದು. ಡಿ ಹ್ಯಾವಿಲ್ಯಾಂಡ್ ಕಂಪನಿಯವರು ಮರದ ಬಾಂಬರ್ ಕಟ್ಟುತ್ತೇವೆ ಅಂತ ಹೊರಟರು. ಬಂದೂಕು ಬೇಡ, ಬಂದೂಕು ಹಿಡಿದು ಕೂರುವ ಸಿಪಾಯಿಗಳೂ ಬೇಡ. ಇಬ್ಬರೇ ಕೂತು, ಅಟ್ಟಿಸಿಕೊಂಡು ಬರುವವರನ್ನು ವೇಗದಿಂದಲೇ ಹಿಂದೆ ಹಾಕಬೇಕು ಅನ್ನುವುದು ಅವರ ಲೆಕ್ಕಾಚಾರ. ಸರ್ಕಾರದ ಕಡೆಯ ಅನೇಕರಿಗೆ ಇದು ಹುಚ್ಚಾಟವಾಗಿ ಕಂಡಿತು. ವಾಯುಪಡೆಯ ಹಿರಿಯ ಅಧಿಕಾರಿ ವಿಲ್‌ಫ್ರಿಡ್ ಫ್ರೀಮನ್ ಬೆನ್ನಿಗೆ ನಿಂತರು. ಸಾಲ್ಸ್‌ಬರಿ ಹಾಲ್ ಅನ್ನುವ ಹಳೆಯ ಬಂಗಲೆಯಲ್ಲಿ ಗುಟ್ಟಾಗಿ ಕೂತು ಆರ್. ಇ. ಬಿಷಪ್ ಅವರ ತಂಡ ನಕ್ಷೆ ಬರೆಯಿತು. 1940ರ ನವೆಂಬರ್ 25ರಂದು ಹ್ಯಾಟ್‌ಫೀಲ್ಡ್‌ನಲ್ಲಿ ಅದು ಮೊದಲ ಸಲ ಹಾರಿತು. ಹಾರಿಸಿದವರು ಕಂಪನಿ ಸ್ಥಾಪಿಸಿದ ಜೆಫ್ರಿ ಡಿ ಹ್ಯಾವಿಲ್ಯಾಂಡ್ ಅವರ ಮಗ. ಅವರ ಹೆಸರೂ ಜೆಫ್ರಿಯೇ. ಪರೀಕ್ಷೆಯಲ್ಲಿ ಅದು ಗಂಟೆಗೆ ಹತ್ತಿರ ಹತ್ತಿರ 390 ಮೈಲಿ ವೇಗ ಮುಟ್ಟಿ ಅಂದಿನ ಸ್ಪಿಟ್‌ಫೈರ್‌ಗಳನ್ನೂ ಹಿಂದೆ ಹಾಕಿತು. ಆಮೇಲೆ ಆಡಿಕೊಂಡವರೆಲ್ಲ ಸುಮ್ಮನಾದರು. ಒಟ್ಟು ಏಳು ಸಾವಿರಕ್ಕೂ ಹೆಚ್ಚು ಮಾಸ್ಕಿಟೊಗಳು ತಯಾರಾದವು.

ಕಟ್ಟಿದವರು ಯಾರು ಗೊತ್ತೇ? ಕುರ್ಚಿ, ಮೇಜು, ಬೀರು, ಪಿಯಾನೊ ಮಾಡುತ್ತಿದ್ದ ಕಾರ್ಖಾನೆಗಳ ಮರಗೆಲಸದವರು. ತಗಡಿನ ಕೆಲಸಗಾರರೆಲ್ಲ ಬೇರೆ ವಿಮಾನಗಳಿಗೆ ಹೋಗಿದ್ದರು. ಮರಗೆಲಸದ ಕೈಗಳು ಬಿಡುವಾಗಿದ್ದವು. ಆ ಕೈಗಳಿಗೆ ಮೊದಲೇ ಗೊತ್ತಿದ್ದ ವಿದ್ಯೆಯನ್ನು ಈ ವಿಮಾನ ಬಳಸಿಕೊಂಡಿತು. ನನಗೆ ಮಾಸ್ಕಿಟೊ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ.

ಇನ್ನು ನಮ್ಮೂರಿಗೂ ಇದಕ್ಕೂ ಇರುವ ನಂಟು ಕೇಳಿ. ಇಲ್ಲಿಂದ ಯಲಹಂಕದ ವಾಯುನೆಲೆ ಎಷ್ಟು ದೂರ ಹೇಳಿ? ಏರ್ ಶೋ ಬಂದಾಗ ನಮ್ಮ ಮಹಡಿಯ ಮೇಲೇ ನಿಂತು ನೋಡುತ್ತೇವಲ್ಲ, ಅದೇ ಜಾಗ. 1944ರಲ್ಲಿ ಮಾಸ್ಕಿಟೊ ಹಾರಿಸುವುದನ್ನು ಕಲಿಸುವ ಬ್ರಿಟಿಷ್ ವಾಯುಪಡೆಯ ಘಟಕ, 1672ನೇ ಕನ್ವರ್ಷನ್ ಯೂನಿಟ್, ಅಲ್ಲಿತ್ತು. ಅಲ್ಲಿಯವರೆಗೆ ಒಂದೇ ಎಂಜಿನಿನ ವೆಂಜನ್ಸ್ ಹಾರಿಸುತ್ತಿದ್ದ 45ನೇ ಸ್ಕ್ವಾಡ್ರನ್ನಿನವರು ಯಲಹಂಕದಲ್ಲೇ ಎರಡು ಎಂಜಿನಿನ ಮಾಸ್ಕಿಟೊಗೆ ಬದಲಾದರು. ಆಮೇಲೆ ಬರ್ಮಾ ಯುದ್ಧಕ್ಕೆ ಹೋದರು. ಒಂದರಿಂದ ಎರಡಕ್ಕೆ ಹೋಗುವ ಪಾಠ ಆಗ ನಡೆದದ್ದು ಈ ಬಡಾವಣೆಯ ಪಕ್ಕದಲ್ಲೇ ಅಂತ ಗೊತ್ತಾದ ಮೇಲೆ, ಬೇರೆ ಯಾವ ವಿಮಾನ ಕಟ್ಟಲಿ ಹೇಳಿ?

ಈಗ ಅಳತೆಗೆ ಬರೋಣ. ಅಸಲಿನ ಒಂದು ಅಡಿಗೆ ನಮ್ಮದರಲ್ಲಿ ಒಂದು ಇಂಚು. ಅಸಲು ಮಾಸ್ಕಿಟೊದ ರೆಕ್ಕೆ ಈ ತುದಿಯಿಂದ ಆ ತುದಿಗೆ 54 ಅಡಿ 2 ಇಂಚು. ನಮ್ಮದು 54 ಇಂಚು, ಅಂದರೆ ನಾಲ್ಕೂವರೆ ಅಡಿ. ಹನ್ನೆರಡರಲ್ಲಿ ಒಂದು ಪಾಲು ಅನ್ನುವುದರಿಂದ ಲೆಕ್ಕವೂ ಸುಲಭ, ಕಾರಿನ ಹಿಂದಿನ ಸೀಟಿನಲ್ಲಿ ಇಟ್ಟುಕೊಂಡು ಹೋಗುವುದೂ ಸುಲಭ.

ನೀವು ಬಿಳಿ ಹಲಗೆ ನೋಡಿ ಥರ್ಮೋಕೋಲ್ ಅಂದಿರಿ, ಸರಿಯೇ. ಗಣೇಶನ ಮಂಟಪಕ್ಕೆ ತರುವ ಥರ್ಮೋಕೋಲಿಗೂ ಇದಕ್ಕೂ ಜಾತಿ ಒಂದೇ, ಇದು ಹೆಚ್ಚು ಒತ್ತಾಗಿದೆ. ಉಪ್ಪು ಕಾಗದ ಹಾಕಿ ಉಜ್ಜಿದರೆ ಕಾಳು ಉದುರುವುದು ಕಡಿಮೆ. ಫೋಮಿನಲ್ಲಿ ಹಲವು ಬಗೆ ಇವೆ. ಇಪಿಪಿ ಅನ್ನುವುದು ಬಾಗಿದರೂ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಇಪಿಒ ಅನ್ನುವುದು ಅಂಗಡಿಯಲ್ಲಿ ಸಿಗುವ ಅಚ್ಚು ಹಾಕಿದ ವಿಮಾನಗಳಲ್ಲಿ ಇರುತ್ತದೆ. ಎರಡು ಕಡೆ ಕಾಗದ ಅಂಟಿಸಿದ 5 ಮಿಲಿಮೀಟರಿನ ಫೋಮ್ ಬೋರ್ಡು ಸ್ಟೇಷನರಿ ಅಂಗಡಿಯಲ್ಲೂ ಸಿಗುತ್ತದೆ. ನಾನು ಆರಿಸಿಕೊಂಡ ದಾರಿ ಇದು: ಒತ್ತಾದ ಥರ್ಮೋಕೋಲನ್ನು ಕಾಯಿಸಿದ ನೈಕ್ರೋಮ್ ತಂತಿಯಿಂದ ಕೊಯ್ದು ಆಕಾರ ಮಾಡುವುದು, ಅದರ ಮೇಲೆ ಕಂದು ಕಾಗದವನ್ನು ನೀರು ಬೆರೆಸಿದ ಫೆವಿಕಾಲಿನಲ್ಲಿ ಅಂಟಿಸುವುದು. ಒಣಗಿದ ಮೇಲೆ ಬೆರಳಲ್ಲಿ ತಟ್ಟಿ ನೋಡಿ, ಟಣ್ ಅನ್ನುತ್ತದೆ. ಬರೀ ಥರ್ಮೋಕೋಲು ಪಟ್ಟನೆ ಮುರಿಯುತ್ತದೆ, ಬರೀ ಕಾಗದ ಮಡಚಿಕೊಳ್ಳುತ್ತದೆ, ಎರಡೂ ಸೇರಿದಾಗ ನಿಲ್ಲುತ್ತದೆ.

ಅದು ಹೇಗೆ ನಿಲ್ಲುತ್ತದೆ ಅಂದರೆ, ರೆಕ್ಕೆ ಮೇಲಕ್ಕೆ ಬಾಗುವಾಗ ಮೇಲಿನ ಪದರ ಒತ್ತಿಕೊಳ್ಳುತ್ತದೆ, ಕೆಳಗಿನದು ಎಳೆದುಕೊಳ್ಳುತ್ತದೆ. ಈ ಎರಡು ಪದರ ಒಂದರಿಂದೊಂದು ದೂರ ಇದ್ದಷ್ಟೂ ಬಲ ಹೆಚ್ಚು. ನಡುವೆ ಇರುವ ಹಗುರದ ವಸ್ತುವಿನ ಕೆಲಸ ಆ ದೂರ ಕಾಯುವುದು. ಮಾಸ್ಕಿಟೊದ ಒಡಲಿನ ಗುಟ್ಟೂ ಇದೇ. ಒಳಗೊಂದು ಹೊರಗೊಂದು ತೆಳ್ಳಗಿನ ಬರ್ಚ್ ಪ್ಲೈವುಡ್ಡು, ಮಧ್ಯೆ ದಕ್ಷಿಣ ಅಮೆರಿಕದ ಈಕ್ವೆಡಾರಿನಿಂದ ತರಿಸಿದ ಬಾಲ್ಸಾ. ಬಾಲ್ಸಾ ಹಗುರ, ಪ್ಲೈವುಡ್ಡು ಗಟ್ಟಿ. ಅವರ ಬಾಲ್ಸಾ ಇದ್ದ ಜಾಗದಲ್ಲಿ ನನ್ನ ಥರ್ಮೋಕೋಲು, ಅವರ ಬರ್ಚ್ ಇದ್ದ ಜಾಗದಲ್ಲಿ ನನ್ನ ಕಂದು ಕಾಗದ. ಲೋಹದ ವಿಮಾನವೊಂದನ್ನು ಫೋಮಿನಲ್ಲಿ ಮಾಡಿದರೆ ಹೊರಗಿನ ರೂಪ ಮಾತ್ರ ಬರುತ್ತದೆ. ಮಾಸ್ಕಿಟೊವನ್ನು ಫೋಮಿನಲ್ಲಿ ಮಾಡಿದರೆ ಒಳಗಿನ ವಿದ್ಯೆಯೂ ಬರುತ್ತದೆ.

ಅಂಟಿನ ವಿಷಯದಲ್ಲಿ ಬಹಳ ಜಾಗ್ರತೆ ಬೇಕು ಮೇಷ್ಟ್ರೇ. ಥರ್ಮೋಕೋಲಿಗೆ ಪೆಟ್ರೋಲು, ತಿನ್ನರು, ರಬ್ಬರ್ ಸೊಲ್ಯೂಷನ್ನು, ಫೆವಿಕ್ವಿಕ್ಕು ಯಾವುದು ತಾಗಿದರೂ ಅದು ಕರಗಿ ಗುಳಿ ಬೀಳುತ್ತದೆ. ಸ್ಪ್ರೇ ಬಣ್ಣವನ್ನು ನೇರವಾಗಿ ಹೊಡೆದರೂ ಅಷ್ಟೇ. ಫೆವಿಕಾಲು ಏನೂ ಮಾಡುವುದಿಲ್ಲ, ಆದರೆ ಗಾಳಿ ಸೋಕದ ಒಳಸಂದಿಯಲ್ಲಿ ಒಣಗಲು ದಿನಗಟ್ಟಲೆ ಬೇಕು. ಮೋಟಾರು ಕೂರುವ ಪ್ಲೈವುಡ್ ತುಂಡಿಗೆ, ರೆಕ್ಕೆಯೊಳಗಿನ ಕಾರ್ಬನ್ ಕೊಳವೆಗೆ ಎಪಾಕ್ಸಿಯೇ ಸರಿ. ಅದರ ಎರಡು ಟ್ಯೂಬಿನಿಂದಲೂ ಸಮಸಮ ಹಿಂಡಿ, ಚೆನ್ನಾಗಿ ಕಲಸಿ, ಎರಡು ಮೈಗೂ ಹಚ್ಚಿ, ಒತ್ತಿ ಹಿಡಿದು, ಪೂರ್ತಿ ಗಟ್ಟಿಯಾಗುವವರೆಗೆ ಮುಟ್ಟಬಾರದು.

ಇಷ್ಟೊಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. 1944ರ ಕೊನೆಯ ಹೊತ್ತಿಗೆ ನಮ್ಮ ಕಡೆಯ ಆಕಾಶದಲ್ಲಿ ಕೆಲವು ಮಾಸ್ಕಿಟೊಗಳು ಹಾರುತ್ತಿರುವಾಗಲೇ ಮುರಿದುಬಿದ್ದವು. ಮೊದಲು ಎಲ್ಲರೂ ಬೆರಳು ತೋರಿಸಿದ್ದು ನಮ್ಮ ಹವೆಯ ಕಡೆಗೆ: ಹಾಲಿನ ಕೇಸೀನ್ ಅಂಟು ಬಿಸಿಲಿಗೆ, ಮಳೆಗಾಲದ ತೇವಕ್ಕೆ ಬಿಟ್ಟುಕೊಂಡಿದೆ ಅಂತ. ಕಂಪನಿಯ ಹೆರವಾರ್ಡ್ ಡಿ ಹ್ಯಾವಿಲ್ಯಾಂಡ್ ತಂಡ ಕಟ್ಟಿಕೊಂಡು ಭಾರತಕ್ಕೇ ಬಂದು ನೋಡಿದರು. ಅಂಟು ಕೆಟ್ಟಿದ್ದಲ್ಲ, ಮಳೆಗಾಲದಲ್ಲಿ ವಿಮಾನದ ಮೈ ಕುಗ್ಗಿದ್ದರಿಂದ ಹೀಗಾಯಿತು ಅಂತ ವರದಿ ಕೊಟ್ಟರು. ಮುಂದಿನ ತನಿಖೆಗಳಲ್ಲಿ ಬೇರೆಯೇ ಸಂಗತಿ ಹೊರಬಿತ್ತು. ಇಂಗ್ಲೆಂಡಿನಲ್ಲೇ ಉಳಿದಿದ್ದ, ನಮ್ಮ ಮಳೆಯ ಒಂದು ಹನಿಯನ್ನೂ ಕಾಣದ ವಿಮಾನಗಳ ರೆಕ್ಕೆ ತೆರೆದು ನೋಡಿದಾಗ ಅವುಗಳಲ್ಲೂ ಅದೇ ಬಗೆಯ ದೋಷ ಇತ್ತು. ಕಾರ್ಖಾನೆಯಲ್ಲಿ ಜೋಡಿಸುವಾಗಲೇ ಕೂಡುವ ಮೈಗಳು ಸರಿಯಾಗಿ ಕೂಡಿರಲಿಲ್ಲ. ಆಮೇಲೆ ರೆಕ್ಕೆಯ ಉದ್ದಕ್ಕೂ ಆ ಸಂದಿಯ ಮೇಲೆ ಪ್ಲೈವುಡ್ ಪಟ್ಟಿ ಅಂಟಿಸಿ ಭದ್ರ ಮಾಡಿದರು.

ಮರದ ಪದರ ಮುಚ್ಚಿದ ಮೇಲೆ ಒಳಗಿನ ಸಂದಿ ಯಾರ ಕಣ್ಣಿಗೂ ಬೀಳುವುದಿಲ್ಲ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಪೈಲಟ್ ನಂಬಿ ಏರುತ್ತಾನೆ. ಅವನ ಜೀವ ಇರುವುದು ಎಲ್ಲೋ ದೂರದ ಕಾರ್ಖಾನೆಯಲ್ಲಿ ಯಾರೋ ಅಂಟು ಹಚ್ಚಿದ ಆ ಒಂದು ಗಳಿಗೆಯಲ್ಲಿ. ಮಾಸ್ಕಿಟೊ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡ ಪಾಠವಾಗಿ ಕಂಡದ್ದು ಇದು: ಮುಚ್ಚುವುದಕ್ಕೆ ಮುಂಚಿನ ಕೆಲಸವೇ ಕೆಲಸ.

ಹಾಗಾಗಿ ಈ ಒಡಲನ್ನು ನೋಡಿ, ಎಡ ಬಲ ಅಂತ ಎರಡು ಹೋಳು. ಅಸಲು ಮಾಸ್ಕಿಟೊವನ್ನೂ ಹೀಗೇ ಮಾಡುತ್ತಿದ್ದರು. ಅಚ್ಚಿನ ಮೇಲೆ ಎಡ ಹೋಳು ಬೇರೆ, ಬಲ ಹೋಳು ಬೇರೆ. ತೆರೆದಿರುವಾಗಲೇ ತಂತಿ, ಕೊಳವೆ, ಸಲಕರಣೆಗಳನ್ನು ಕೂರಿಸಿ, ಆಮೇಲೆ ಎರಡನ್ನೂ ಉದ್ದಕ್ಕೆ ಜೋಡಿಸುತ್ತಿದ್ದರು. ಮುಚ್ಚಿದ ಒಡಲೊಳಗೆ ಕೈ ತೂರಿಸಿ ಒದ್ದಾಡುವ ಕಷ್ಟ ಅವರಿಗೆ ತಪ್ಪಿತು. ನಾನೂ ಈಗ ಬಾಲದ ಭಾಗಗಳನ್ನು ಕಡ್ಡಿಯಿಂದ ಆಡಿಸುವ ಎರಡು ಪುಟ್ಟ ಮೋಟಾರು, ಅಂದರೆ ಸರ್ವೊ, ಕೂರಿಸಿದ್ದೇನೆ. ಒಂದು ಏರಿಳಿತಕ್ಕೆ, ಒಂದು ಚುಕ್ಕಾಣಿಗೆ. ಒಂದೊಂದೂ ಬರೀ 9 ಗ್ರಾಂ. ಕಡ್ಡಿಗಳು ಎಲ್ಲೂ ಉಜ್ಜದೆ ಓಡಾಡುತ್ತವೆಯೇ, ಸರ್ವೊ ಸ್ಕ್ರೂ ಬಿಗಿಯಾಗಿದೆಯೇ, ರಿಮೋಟಿನ ಸಂಕೇತ ಹಿಡಿಯುವ ರಿಸೀವರಿನ ತಂತಿ ಸಡಿಲ ಬಿಟ್ಟಿದ್ದೇನೆಯೇ ಅಂತ ಒಂದೊಂದನ್ನೂ ಮತ್ತೆ ಮತ್ತೆ ನೋಡಿದ ಮೇಲೆಯೇ ಅಂಟು ಕಲಸುವುದು.

ರೆಕ್ಕೆಗೆ ಬನ್ನಿ. ಬುಡದಲ್ಲಿ ಅಗಲ, ತುದಿಗೆ ಹೋದಂತೆ ಕಿರಿದು. ನೋಡಲು ಚೆಂದ, ಆದರೆ ಇಂಥ ರೆಕ್ಕೆಗೆ ಒಂದು ಕೆಟ್ಟ ಗುಣ ಇರುತ್ತದೆ. ವೇಗ ತೀರಾ ಕಡಿಮೆಯಾದಾಗ ತುದಿಯೇ ಮೊದಲು ಎತ್ತುವ ಬಲ ಕಳೆದುಕೊಳ್ಳಬಹುದು. ಹಾಗಾದರೆ ಒಂದು ರೆಕ್ಕೆ ದಿಢೀರನೆ ಕುಸಿದು ವಿಮಾನ ಸುತ್ತಿಕೊಂಡು ಬೀಳುತ್ತದೆ. ಅದಕ್ಕೆ ತುದಿಯ ಹಿಂದಿನ ಅಂಚನ್ನು ಒಂದೆರಡು ಡಿಗ್ರಿ ಮೇಲಕ್ಕೆ ತಿರುಚಿ ಕಟ್ಟಬೇಕು. ಆಗ ಬುಡ ಮೊದಲು ಸೋಲುತ್ತದೆ, ತುದಿ ಇನ್ನೂ ಹಿಡಿದಿರುತ್ತದೆ, ವಿಮಾನ ಮೂಗು ತಗ್ಗಿಸಿ ವೇಗ ಕೂಡಿಸಿಕೊಳ್ಳುತ್ತದೆ. ಎರಡು ಕಡೆಯ ತಿರುಚು ಒಂದೇ ಸಮ ಇರಬೇಕು. ಗಾರೆಯವರ ರಸಮಟ್ಟ ಮೇಜಿನ ಮೇಲೆ ಇಟ್ಟಿದ್ದನ್ನು ನೋಡಿ ನೀವು ಆಶ್ಚರ್ಯಪಟ್ಟಿರಲ್ಲ, ಅದು ಇದಕ್ಕೇ.

ಎಂಜಿನ್ ಗೂಡುಗಳನ್ನು ಕೂರಿಸುವಾಗ ದಾರದ ಕೆಲಸ. ಬಾಲದ ನಟ್ಟನಡುವೆ ಒಂದು ಗುಂಡುಸೂಜಿ ಚುಚ್ಚಿ, ಅಲ್ಲಿಂದ ಎಡಗೂಡಿಗೆ ಒಂದು ದಾರ, ಬಲಗೂಡಿಗೆ ಒಂದು ದಾರ. ಎರಡರ ಉದ್ದವೂ ಸಮ ಬಂದರೆ ಗೂಡು ನೇರ. ಮನೆ ಪಾಯ ಹಾಕುವಾಗ ಮೂಲೆಯಿಂದ ಮೂಲೆಗೆ ದಾರ ಹಿಡಿದು ನೋಡುತ್ತಾರಲ್ಲ, ಅದೇ ವಿದ್ಯೆ.

ಈಗ ನಿಮ್ಮ ಪ್ರಶ್ನೆಯ ಹೊಟ್ಟೆಗೇ ಕೈ ಹಾಕುತ್ತೇನೆ: ಮೋಟಾರು. ಜೋಡೆತ್ತಿನ ಗಾಡಿ ಹೊಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಎತ್ತು ಚುರುಕು, ಇನ್ನೊಂದು ಮಂದ ಆದರೆ ಗಾಡಿ ದಾರಿ ಬಿಟ್ಟು ಸೊಟ್ಟ ಹೋಗುತ್ತದೆ. ಎರಡು ಮೋಟಾರಿನ ಎಳೆತವೂ ಒಂದೇ ಇರಬೇಕು, ಒಂದೇ ಹೊತ್ತಿಗೆ ಶುರುವಾಗಬೇಕು, ಒಂದೇ ಹೊತ್ತಿಗೆ ಏರಬೇಕು.

ಇವು ಬ್ರಶ್ ಇಲ್ಲದ ಮೋಟಾರುಗಳು. ಮೈ ಮೇಲೆ 1000 ಕೆವಿ ಅಂತ ಬರೆದಿದೆ. ಭಾರ ಏನೂ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು ಅಂತ ಅದರ ಲೆಕ್ಕ. ಮೂರು ಸೆಲ್ಲಿನ ಲಿಪೊ ಬ್ಯಾಟರಿ 11.1 ವೋಲ್ಟು, ಹಾಗಾಗಿ 11,000 ಸುತ್ತಿನ ಹತ್ತಿರ. ರೆಕ್ಕೆಪಂಕ, ಅಂದರೆ ಪ್ರೊಪೆಲ್ಲರು, ಹಾಕಿದ ಮೇಲೆ ಇದು ಸಾಕಷ್ಟು ಇಳಿಯುತ್ತದೆ. ಎರಡಕ್ಕೂ ಒಂದೇ ಮಾದರಿಯ ಮೋಟಾರು, ಒಂದೇ ಅಳತೆಯ ರೆಕ್ಕೆಪಂಕ, ಒಂದೇ ಕಂಪನಿಯ ವೇಗ ನಿಯಂತ್ರಕ, ಬೆರಕೆ ಮಾಡಬಾರದು. ನಿಯಂತ್ರಕಗಳಿಗೆ ರಿಮೋಟಿನ ಕಡ್ಡಿಯ ಮೇಲ್ತುದಿ ಯಾವುದು, ಕೆಳತುದಿ ಯಾವುದು ಅಂತ ಕಲಿಸಬೇಕು. ಬೇರೆ ಬೇರೆಯಾಗಿ ಕಲಿಸಿದರೆ ಎರಡರ ಗ್ರಹಿಕೆಯಲ್ಲಿ ಕೂದಲೆಳೆ ವ್ಯತ್ಯಾಸ ಉಳಿಯುತ್ತದೆ. ಅದಕ್ಕೇ ಎರಡನ್ನೂ ಒಂದೇ ಕವಲು ತಂತಿಗೆ ಸೇರಿಸಿ, ಪಂಕ ಕಳಚಿಟ್ಟು, ಕಡ್ಡಿ ಪೂರ್ತಿ ಮೇಲಿಟ್ಟು ಬ್ಯಾಟರಿ ಕೊಟ್ಟು, ಬೀಪ್ ಕೇಳಿದ ಮೇಲೆ ಕೆಳಕ್ಕೆ ಇಳಿಸಬೇಕು. ಎರಡೂ ಒಟ್ಟಿಗೆ ಕಲಿಯುತ್ತವೆ.

ಇನ್ನೆರಡು ಸಣ್ಣ ಸಂಗತಿ ಹೇಳಿಬಿಡುತ್ತೇನೆ, ಮುಂದೆ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ. ನನ್ನ ಎರಡು ನಿಯಂತ್ರಕಗಳೂ ರಿಸೀವರಿಗೆ 5 ವೋಲ್ಟು ಕೊಡುತ್ತವೆ. ಎರಡು ಕಡೆಯಿಂದ ಬಂದರೆ ಒಂದಕ್ಕೊಂದು ಗುದ್ದಾಡುವ ಅಪಾಯ ಇರುವುದರಿಂದ, ಒಂದರ ಕೆಂಪು ತಂತಿಯನ್ನು ಕನೆಕ್ಟರಿನಿಂದ ಹೊರತೆಗೆದು ಟೇಪು ಸುತ್ತಬೇಕು. ಎರಡನೆಯದು, ಮೋಟಾರು ದೂರ ಇದೆ ಅಂತ ಬ್ಯಾಟರಿ ಕಡೆಯ ತಂತಿ ಉದ್ದ ಮಾಡಬಾರದು. ನಿಯಂತ್ರಕಕ್ಕೆ ಅದು ಆಗಿಬರುವುದಿಲ್ಲ. ಮೋಟಾರಿನ ಕಡೆಯ ಮೂರು ತಂತಿ ಉದ್ದ ಮಾಡಬೇಕು. ಹಾಗೆ ಮಾಡಿದಾಗ ನಿಯಂತ್ರಕ ಒಡಲಿನ ಪಕ್ಕಕ್ಕೆ ಬರುತ್ತದೆ. ಅಸಲು ಮಾಸ್ಕಿಟೊದ ರೇಡಿಯೇಟರುಗಳು ಒಡಲಿಗೂ ಎಂಜಿನಿಗೂ ನಡುವೆ, ರೆಕ್ಕೆಯ ಮುಂದಿನ ಅಂಚಿನಲ್ಲೇ ಇದ್ದವು. ಆ ಕಿಂಡಿಯನ್ನು ನಾನು ಸುಮ್ಮನೆ ಬಣ್ಣದಲ್ಲಿ ಬರೆಯದೆ ನಿಜವಾಗಿ ಕೊರೆದಿದ್ದೇನೆ. ಅಂದು ಮರ್ಲಿನ್ ಎಂಜಿನಿಗೆ ತಂಪು ಒದಗಿಸಿದ ಜಾಗದಿಂದಲೇ ಇಂದು ನನ್ನ ನಿಯಂತ್ರಕಕ್ಕೂ ಗಾಳಿ ಬರುತ್ತದೆ.

ತಿರುಗುವ ದಿಕ್ಕಿನಲ್ಲೂ ಒಂದು ಪಾಠ ಇದೆ. ಮಾಸ್ಕಿಟೊದ ಎರಡು ಎಂಜಿನೂ ಒಂದೇ ದಿಕ್ಕಿಗೆ ತಿರುಗುತ್ತಿದ್ದವು. ಅದರಿಂದ ಓಡಿ ಮೇಲೇಳುವಾಗ ವಿಮಾನ ಎಡಕ್ಕೆ ಎಳೆಯುತ್ತಿತ್ತು. ಪೈಲಟ್‌ಗಳು ಎಡ ಎಂಜಿನಿಗೆ ಒಂದಿಷ್ಟು ಮುಂಚಿತವಾಗಿ ಬಲ ಕೊಟ್ಟು ಅದನ್ನು ನೇರ ಮಾಡುತ್ತಿದ್ದರು. ಅದೇ ಕಂಪನಿ ಮುಂದೆ ಹಾರ್ನೆಟ್ ಕಟ್ಟುವಾಗ ಎರಡು ಎಂಜಿನನ್ನೂ ಎದುರುಬದುರು ದಿಕ್ಕಿಗೆ ತಿರುಗಿಸಿ ಈ ತೊಂದರೆ ಕಳೆಯಿತು. ನಮ್ಮ ಮೋಟಾರಿನಲ್ಲಿ ಇದು ಬಲು ಸುಲಭ. ಮೂರು ತಂತಿಯಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ದಿಕ್ಕು ತಿರುಗುತ್ತದೆ. ಆ ಕಡೆಗೆ ತಿರುವುಮುರುವಾದ ಪಂಕ ಹಾಕಬೇಕು, ಅಷ್ಟೇ. ಎರಡರಲ್ಲೂ ಅಕ್ಷರ ಬರೆದ ಮುಖ ಮುಂದಕ್ಕೇ ಇರಬೇಕು. ನಾನು ಹಾರ್ನೆಟ್ಟಿನ ದಾರಿ ಹಿಡಿದಿದ್ದೇನೆ.

ತೂಕದ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ರೆಕ್ಕೆಯ ಅಗಲದಲ್ಲಿ ಮುಂದಿನ ಅಂಚಿನಿಂದ ಕಾಲುಭಾಗದ ಆಸುಪಾಸಿನಲ್ಲಿ ಬೆರಳ ತುದಿಯಲ್ಲಿ ಎತ್ತಿದರೆ ವಿಮಾನ ಸಮವಾಗಿ ನಿಲ್ಲಬೇಕು. ಬಾಲ ಭಾರವಾದರೆ ಹಾರಿಸುವುದೇ ಕಷ್ಟ, ಮೂಗು ಕೊಂಚ ಭಾರವಾದರೆ ನಡೆಯುತ್ತದೆ. ಜೋಡಿ ಮೋಟಾರಿನಲ್ಲಿ ಎಡ ಬಲದ ತೂಕವನ್ನೂ ನೋಡಬೇಕು. ಒಂದು ಗೂಡಿನಲ್ಲಿ ಅಂಟು ಹೆಚ್ಚಾದರೂ ಆ ಕಡೆಯ ರೆಕ್ಕೆ ಇಳಿಯುತ್ತದೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಈಗ ನನ್ನ ಕೆಲಸದ ಮೇಜಿನ ಮೇಲೇ ಇರುವುದು ಇದಕ್ಕಾಗಿ.

ಯುದ್ಧದ ವಿಮಾನವೇ ಯಾಕೆ, ಶಾಂತಿಯ ವಿಮಾನ ಸಿಗಲಿಲ್ಲವೇ ಅಂತ ಅಮ್ಮಾವ್ರು ಕೇಳಿದರು. ಅವರು ಕೇಳಿದ್ದು ನ್ಯಾಯವಾಗಿದೆ. ಮಾಸ್ಕಿಟೊ ಬಾಂಬು ಹಾಕಿದೆ, ಜನ ಸತ್ತಿದ್ದಾರೆ. ಅದನ್ನು ಮರೆಮಾಚುವುದು ಬೇಡ. ನನ್ನ ವಿಮಾನಕ್ಕೆ ನಾನು ಬಾಂಬಿನ ಆಕಾರ ಅಂಟಿಸುವುದಿಲ್ಲ, ಕೆಳಗೆ ಏನನ್ನೂ ಬೀಳಿಸುವುದಿಲ್ಲ. ಆದರೆ ಅದೇ ವಿಮಾನ ನಿರಾಯುಧವಾಗಿ ಶತ್ರುದೇಶದ ಮೇಲೆ ಹಾರಿ ಫೋಟೊ ತೆಗೆದು ತಂದಿದೆ. ಬ್ರಿಟನ್ನಿಗೂ ಸ್ವೀಡನ್ನಿಗೂ ನಡುವೆ ಟಪಾಲು, ಬಾಲ್ ಬೇರಿಂಗು ಹೊತ್ತಿದೆ. 1943ರ ಅಕ್ಟೋಬರಿನಲ್ಲಿ ಭೌತವಿಜ್ಞಾನಿ ನೀಲ್ಸ್ ಬೋರ್ ನಾಜಿಗಳ ಕೈಯಿಂದ ಪಾರಾಗಿ ಸ್ವೀಡನ್ನಿನಿಂದ ಬ್ರಿಟನ್ನಿಗೆ ಬಂದದ್ದು ಮಾಸ್ಕಿಟೊದ ಬಾಂಬು ಇಡುವ ಜಾಗದಲ್ಲಿ ಕೂತು. ಹೆಲ್ಮೆಟ್ಟು ಅವರ ತಲೆಗೆ ಸಾಲದೆ, ಆಮ್ಲಜನಕ ತೆಗೆದುಕೊಳ್ಳಿ ಅಂತ ಪೈಲಟ್ ಹೇಳಿದ್ದು ಕೇಳಿಸದೆ, ಎತ್ತರದಲ್ಲಿ ಪ್ರಜ್ಞೆ ತಪ್ಪಿದರು. ಉತ್ತರ ಬಾರದ್ದನ್ನು ಗಮನಿಸಿ ಪೈಲಟ್ ಕೆಳಗಿಳಿಸಿ ಹಾರಿಸಿದ್ದರಿಂದ ಉಳಿದರು. ಕಟ್ಟಿದ ಕೈಗಳ ಜಾಣ್ಮೆಯನ್ನು ಗೌರವಿಸುವುದಕ್ಕೂ ಯುದ್ಧವನ್ನು ಹೊಗಳುವುದಕ್ಕೂ ಬಹಳ ಅಂತರ ಇದೆ. ಮಕ್ಕಳಿಗೆ ಈ ವಿಮಾನ ತೋರಿಸುವಾಗ ಎರಡು ಮಾತನ್ನೂ ಹೇಳುವುದು ನನ್ನ ಪದ್ಧತಿ.

ಇದೆಲ್ಲ ಆಟ ಅಂತ ಹಗುರವಾಗಿ ನೋಡುವವರಿಗೆ ನಮ್ಮ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ಕಥೆ ಹೇಳಬೇಕು. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ಎಚ್‌ಎಫ್-24 ಮಾರುತ್ ಜೆಟ್ ವಿನ್ಯಾಸ ಮಾಡಿದಾಗ, ಮೊದಲು ಅದರ ಪೂರ್ಣ ಗಾತ್ರದ ಮರದ ಗ್ಲೈಡರ್ ಕಟ್ಟಿಸಿದರು. ಎಕ್ಸ್-241 ಅಂತ ಅದರ ಹೆಸರು. 1959ರಲ್ಲಿ ಡಕೋಟ ವಿಮಾನದ ಹಿಂದೆ ಕಟ್ಟಿ ಎತ್ತರಕ್ಕೆ ಎಳೆದೊಯ್ದು ಬಿಟ್ಟು, ಅದರ ಗುಣ ಸ್ವಭಾವ ಪರೀಕ್ಷೆ ಮಾಡಿದರು. 1961ರ ಜೂನ್ 17ರಂದು ಮಾರುತ್ ಹಾರಿತು. ಅದಕ್ಕೂ ಎಂಜಿನು ಎರಡೇ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿರುವ ಮಾರುತ್ ನೋಡಲು ಹೋದಾಗ ಆ ಮರದ ಗ್ಲೈಡರನ್ನೂ ನೆನೆಯಿರಿ.

ಹಾರಿಸುವ ಜಾಗ ಅಂತೂ ಇಲ್ಲಿ ಸುತ್ತಮುತ್ತ ಇಲ್ಲ. ಯಲಹಂಕ, ಜಕ್ಕೂರು, ದೇವನಹಳ್ಳಿ, ಎಚ್‌ಎಎಲ್: ಎತ್ತ ನೋಡಿದರೂ ವಿಮಾನ ನಿಲ್ದಾಣ. ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅನ್ನುವುದನ್ನು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಕೆಂಪು, ಹಳದಿ, ಹಸಿರು ಅಂತ ಗುರುತಿಸಿರುತ್ತಾರೆ. 2021ರ ಡ್ರೋನ್ ನಿಯಮಗಳು ಕಲಿಕೆಗೂ ಹವ್ಯಾಸಕ್ಕೂ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ 25 ಕೆಜಿಯೊಳಗಿನ ಮಾದರಿಗಳನ್ನು ಬೇರೆಯಾಗಿಯೇ ಗುರುತಿಸುತ್ತವೆ. ಹಾಗಂತ ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ನಕ್ಷೆ ನೋಡಿ, ಹಸಿರು ಜಾಗ ಹುಡುಕಿ, ಹೊಲದವರ ಒಪ್ಪಿಗೆ ಕೇಳಿ ಹೋಗಬೇಕು. ರಾಗಿ ಕೊಯ್ಲಾದ ಮೇಲಿನ ಬಯಲು ಹೇಳಿ ಮಾಡಿಸಿದ ಜಾಗ. ಆಷಾಢದ ಗಾಳಿಯಲ್ಲಿ ಬೇಡ. ಬೆಳಗಿನ ಹೊತ್ತು, ಗಾಳಿ ಏಳುವ ಮುಂಚೆ ಹಾರಿಸಿ ಮುಗಿಸಬೇಕು.

ಎಚ್ಚರಿಕೆಯ ಮಾತು ಬಿಡುವಂತಿಲ್ಲ. ಮನೆಯೊಳಗೆ ಕೆಲಸ ಮಾಡುವಾಗ ಪಂಕ ಕಳಚಿಟ್ಟೇ ಇರಬೇಕು. ಬಯಲಿನಲ್ಲೂ ಬ್ಯಾಟರಿ ಕೊಟ್ಟ ಮೇಲೆ ಯಾರೂ ಮುಂದೆ ನಿಲ್ಲಬಾರದು. ಇಲ್ಲಿ ಬೆರಳು ತೆಗೆಯುವ ಅಲಗು ಎರಡು ಕಡೆ ಇದೆ. ಲಿಪೊ ಬ್ಯಾಟರಿಯನ್ನು ಅದಕ್ಕೆಂದೇ ಇರುವ ಚಾರ್ಜರಿನಲ್ಲಿ, ಕಣ್ಣೆದುರೇ, ಸೆಲ್ಲಿಗೆ 4.2 ವೋಲ್ಟು ಮೀರದಂತೆ ತುಂಬಿಸಬೇಕು, ಎತ್ತಿಡುವಾಗ 3.8ರ ಹತ್ತಿರ ಇರಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು. ಎರಡು ಮೋಟಾರು ಸೇರಿ ಪೂರ್ತಿ ಬಲದಲ್ಲಿ 25ರಿಂದ 30 ಆಂಪಿಯರ್ ಎಳೆಯುತ್ತವೆ. 2200 ಎಂಎಎಚ್ ಬ್ಯಾಟರಿ ಆ ವೇಗದಲ್ಲಿ ಐದು ನಿಮಿಷದ ಹತ್ತಿರಕ್ಕೆ ಬರಿದಾಗುತ್ತದೆ. ಅದಕ್ಕೆ ಗಡಿಯಾರ ಇಟ್ಟುಕೊಂಡು ಹಾರಿಸಬೇಕು.

ಹಾರುತ್ತಿರುವಾಗ ಒಂದು ಮೋಟಾರು ನಿಂತರೆ ಏನು ಗತಿ ಅಂತ ಕೇಳುತ್ತೀರಿ, ಮುಖ ನೋಡಿದರೇ ಗೊತ್ತಾಗುತ್ತದೆ. ಇನ್ನೊಂದಿದೆಯಲ್ಲ ಅಂತ ಅದಕ್ಕೆ ಪೂರ್ತಿ ಬಲ ಕೊಡುವುದು ಮನಸ್ಸಿಗೆ ಮೊದಲು ತೋಚುವ ಉಪಾಯ, ಅದೇ ಕೆಡಿಸುವುದು. ನಡೆಯುತ್ತಿರುವ ಮೋಟಾರು ಒಂದೇ ಕಡೆ ಎಳೆದು, ವಿಮಾನ ನಿಂತ ಮೋಟಾರಿನ ಕಡೆಗೆ ತಿರುಗಿ ಮಗುಚಿಕೊಳ್ಳುತ್ತದೆ. ಅಸಲು ಮಾಸ್ಕಿಟೊದಲ್ಲೂ ಮೇಲೆದ್ದು ಸಾಕಷ್ಟು ವೇಗ ಬರುವ ಮುಂಚೆ ಒಂದು ಎಂಜಿನು ಕೈಕೊಟ್ಟರೆ ಇನ್ನೊಂದರ ಬಲವನ್ನೂ ತಗ್ಗಿಸಿ ನೇರ ಮುಂದೆ ಇಳಿಯಬೇಕಾಗುತ್ತಿತ್ತು. ನಮ್ಮದರಲ್ಲೂ ಅದೇ ನಿಯಮ: ಬಲ ಪೂರ್ತಿ ಇಳಿಸು, ಮೂಗು ತಗ್ಗಿಸು, ತೇಲಿಸಿಕೊಂಡು ಬಂದು ಇಳಿಸು. ಫೋಮು ಹಗುರ, ಚೆನ್ನಾಗಿ ತೇಲುತ್ತದೆ.

ಕೊನೆಗೊಂದು ಮಾತು, ನಿಮ್ಮ ಮೊಮ್ಮಗನ ವಿಷಯ. ಹುಟ್ಟುಹಬ್ಬಕ್ಕೆ ರಿಮೋಟಿನ ವಿಮಾನ ಕೊಡಿಸುತ್ತೇನೆ ಅಂದಿದ್ದೀರಂತೆ. ಡಬ್ಬಿ ತೆರೆದರೆ ಹಾರುವ ವಿಮಾನ ಕೊಡಿಸಬೇಡಿ ಮೇಷ್ಟ್ರೇ. ಅದು ಬಿದ್ದ ದಿನ ಅವನಿಗೆ ಅಳು ಮಾತ್ರ ಉಳಿಯುತ್ತದೆ. ತಾನೇ ಕಟ್ಟಿದ್ದು ಬಿದ್ದರೆ ಎಲ್ಲಿ ಮುರಿಯಿತು, ಯಾಕೆ ಮುರಿಯಿತು, ಹೇಗೆ ಕೂಡಿಸಲಿ ಅನ್ನುವ ಯೋಚನೆ ಶುರುವಾಗುತ್ತದೆ. ನಾಲ್ಕು ಹಾಳೆ ಫೋಮ್ ಬೋರ್ಡು, ಒಂದು ಕಟರು, ಉಕ್ಕಿನ ಸ್ಕೇಲು, ಒಂದು ಮೋಟಾರು ಕೊಡಿಸಿ. ಮೊದಲು ಒಂದೇ ಮೋಟಾರಿನ, ರೆಕ್ಕೆ ಮೇಲಿರುವ ನಿಧಾನದ ವಿಮಾನ ಕಟ್ಟಲಿ, ಬೀಳಲಿ, ಮತ್ತೆ ಕಟ್ಟಲಿ. ಅದು ಕೈಗೆ ಹತ್ತಿದ ಮೇಲೆ ಎರಡು ಮೋಟಾರಿಗೆ ನಾನೇ ಕೂರಿಸಿಕೊಂಡು ಹೇಳಿಕೊಡುತ್ತೇನೆ. ಅಂಟು ಹಚ್ಚಿ ಮುಚ್ಚುವ ಮುಂಚೆ ಒಳಗನ್ನು ಇನ್ನೊಮ್ಮೆ ನೋಡುವ ಅಭ್ಯಾಸ ಈ ವಯಸ್ಸಿನಲ್ಲೇ ಬಂದರೆ, ಮುಂದೆ ಅವನು ಸೇತುವೆ ಕಟ್ಟಲಿ, ಮನೆ ಕಟ್ಟಲಿ, ನಂಬಿ ಒಳಗೆ ಕಾಲಿಡುವವರು ಕ್ಷೇಮವಾಗಿರುತ್ತಾರೆ. ಬರುವ ಭಾನುವಾರ ಬೆಳಿಗ್ಗೆ ಅವನನ್ನು ಈ ಕಡೆ ಕಳಿಸಿಕೊಡಿ.